ಅತ್ತೂರಿನ ದಾರಿಬುತ್ತಿ

ಅತ್ತೂರನ್ನು ನೋಡುವುದಾದರೆ ಜನವರಿಯ ಕೊನೆಯಲ್ಲಿ ನೋಡಬೇಕೆಂದು ತುಳುನಾಡಿನವರು ಹೇಳುವುದುಂಟು. ಆಗ ಅಲ್ಲಿ ಸಂತ ಲಾರೆನ್ಸರ ವಾರ್ಷಿಕ ಜಾತ್ರೆ. ಮತಭೇದವಿಲ್ಲದೆ ನೆರೆದ ಜನ, ಮೇಣದ ಬತ್ತಿಗಳ ಹೊಗೆ, ಸಾಲುಸಾಲು ಅಂಗಡಿ. ನಾವು ಹೋದದ್ದಾದರೋ ಆಗಸ್ಟಿನಲ್ಲಿ, ಸೋಣ ತಿಂಗಳ ಜಡಿಮಳೆಯಲ್ಲಿ. ಜಾತ್ರೆಯವರೆಗೆ ಕಾಯಲು ನಮ್ಮ ತಂದೆಯವರಿಗೆ ಪುರುಸೊತ್ತಿರಲಿಲ್ಲ. ಈ ಮಾತು ನನ್ನದಲ್ಲ, ಅವರದೇ.

ಅವರಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ವೈದ್ಯರು ತಿಂಗಳುಗಳ ಲೆಕ್ಕದಲ್ಲಿ ಮಾತನಾಡತೊಡಗಿದ್ದರು. ಇನ್ನೊಂದು ಸುತ್ತು ಕಿಮೋಥೆರಪಿ ಮಾಡಿಸಬಹುದು, ಗುಣವಾಗುವುದಿಲ್ಲ, ಕೆಲವು ವಾರ ದೊರೆತರೂ ದೊರೆಯಬಹುದು ಎಂದಿದ್ದರು. ಮಾಡಿಸಲೇಬೇಕೆಂದು ನಾನು, ಬೇಡವೆಂದು ತಂದೆ. ತಾಯಿಯವರು ನಮ್ಮಿಬ್ಬರ ವಾದವನ್ನೂ ಕೇಳದೆ, ಗಂಡ ಗುಣವಾದರೆ ಜಾತ್ರೆಯಲ್ಲಿ ನೂರು ಮೇಣದ ಬತ್ತಿ ಹಚ್ಚುವೆನೆಂದು ಸಂತ ಲಾರೆನ್ಸರಿಗೆ ಹರಕೆ ಹೇಳಿಕೊಂಡಿದ್ದರು.

ಮಂಗಳೂರಿನಿಂದ ಮೂಡುಬಿದಿರೆಯ ಮೇಲೆ ಕಾರ್ಕಳಕ್ಕೆ ಸುಮಾರು 50 ಕಿಲೋಮೀಟರು. ಬಾಡಿಗೆ ಕಾರಿನ ಹಿಂಬದಿಯಲ್ಲಿ ದಿಂಬಿಗೊರಗಿದ್ದ ತಂದೆಯವರು ದಾರಿಯುದ್ದಕ್ಕೂ ಕಣ್ಣು ಮುಚ್ಚಲಿಲ್ಲ. ಕಾರ್ಕಳದಲ್ಲಿ ಬಂಡೆಯ ಮೇಲಿನ ಗೊಮ್ಮಟ ಮಳೆಯ ತೆರೆಯ ಹಿಂದೆ ಮಸುಕಾಗಿ ಕಂಡ. 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ 42 ಅಡಿಯ ಆ ಮೂರ್ತಿಯನ್ನು ಕಂಡಾಗಲೆಲ್ಲ ನನಗೆ ತರಗತಿಯ ನೆನಪು. 'ವಡ್ಡಾರಾಧನೆ'ಯ 19 ಕಥೆಗಳನ್ನು ಆಗಾಗ ಪಾಠ ಹೇಳಿದ್ದೇನೆ. ಘೋರ ಉಪಸರ್ಗಗಳನ್ನು ಸಹಿಸಿ ಸಮಚಿತ್ತದಿಂದ ದೇಹ ಬಿಟ್ಟವರ ಕಥೆಗಳು ಅವು. ಮರಣವನ್ನು ಎದುರ್ಗೊಳ್ಳುವ ಬಗೆಯನ್ನು ಹಳಗನ್ನಡದಲ್ಲಿ ವಿವರಿಸಿ ಸಂಬಳ ಪಡೆದವನಿಗೆ, ಹಿಂದಿನ ಸೀಟಿನತ್ತ ತಿರುಗಿ ನೋಡುವ ಧೈರ್ಯವಿರಲಿಲ್ಲ.

ಅತ್ತೂರು ಅಲ್ಲಿಗೆ ಹತ್ತಿರ. ಇಲ್ಲಿಯ ಕ್ರೈಸ್ತರು ಮೊದಲ ಇಗರ್ಜಿ ಕಟ್ಟಿದ್ದು 1759ರಲ್ಲಿ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಿಂದ ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದಾಗ ಅದು ಹಾಳಾಯಿತು. ಮರಳಿ ಬಂದವರು ಹೊಸ ಇಗರ್ಜಿಗೆ ಸ್ಥಳ ಹುಡುಕುತ್ತ ಸಂತರ ಪುಟ್ಟ ಮರದ ಪ್ರತಿಮೆಯನ್ನು ಹೊತ್ತು ಅಲೆದರಂತೆ. ಒಂದು ಒರತೆಯ ಬಳಿ ದಣಿವಾರಿಸಿಕೊಳ್ಳಲು ಇಳಿಸಿದ ಪ್ರತಿಮೆ ಮತ್ತೆ ಮೇಲೇಳಲಿಲ್ಲವೆಂಬುದು ಐತಿಹ್ಯ. ಆ ಒರತೆಯೇ ಇಂದಿನ ಪುಷ್ಕರಿಣಿ. ಕ್ರೈಸ್ತ ಕ್ಷೇತ್ರದ ಕೊಳಕ್ಕೆ ಪುಷ್ಕರಿಣಿಯೆಂಬ ಹೆಸರು ನಿಂತಿರುವುದು ನಮ್ಮ ನಾಡಿನ ಸೊಗಸು. 2016ರಲ್ಲಿ ಈ ಇಗರ್ಜಿಗೆ ಬಸಿಲಿಕದ ಪದವಿಯೂ ಬಂದಿತು.

ತಾಯಿಯವರು ಪುಷ್ಕರಿಣಿಯ ನೀರನ್ನು ಬಾಟಲಿಗೆ ತುಂಬಿಸಿಕೊಳ್ಳಲು ಹೋದರು. ತಂದೆಯವರನ್ನು ನಾನು ಕೈಹಿಡಿದು ಒಳಗೆ ಕರೆದೊಯ್ದೆ. ಲಾರೆನ್ಸ್ ಕ್ರಿ.ಶ. 258ರಲ್ಲಿ ರೋಮಿನಲ್ಲಿ ಹತನಾದ ಸೇವಕ. ಬಡವರಿಗೆ ಹಂಚುವ ದ್ರವ್ಯವೆಲ್ಲ ಅವನ ವಶದಲ್ಲಿತ್ತು. ಕೆಂಡದ ಮೇಲಿನ ಕಬ್ಬಿಣದ ಜಾಲರಿಯಲ್ಲಿ ಸುಡುತ್ತಿರುವಾಗಲೂ, ಒಂದು ಮಗ್ಗುಲು ಬೆಂದಿತು, ಹೊರಳಿಸಿರೆಂದು ವಿನೋದವಾಡಿದನಂತೆ. ತಂದೆಯವರು ಬಹಳ ಹೊತ್ತು ಪ್ರತಿಮೆಯನ್ನು ನೋಡಿ, "ಪುತಾ, ಇವನಿಗೂ ಮಗ್ಗುಲು ಬದಲಿಸುವ ಕಷ್ಟವಿತ್ತು" ಅಂದರು. ರಾತ್ರಿಯೆಲ್ಲ ಅವರನ್ನು ಹೊರಳಿಸುತ್ತಿದ್ದವನು ನಾನೇ. ನಗು ಬಂತು, ನಗುತ್ತಲೇ ಗಂಟಲು ಕಟ್ಟಿತು.

ಜಗಲಿಯಲ್ಲಿ ವೃದ್ಧ ಪಾದ್ರಿಯೊಬ್ಬರು ಕುಳಿತಿದ್ದರು. ನನ್ನ ಎದೆಯಲ್ಲಿದ್ದುದನ್ನು ಅವರ ಮುಂದಿಟ್ಟೆ. ಚಿಕಿತ್ಸೆ ಬೇಡವೆನ್ನುವುದು ದೇವರು ಕೊಟ್ಟ ಪ್ರಾಣವನ್ನು ತಾವೇ ಬಿಸುಟಂತಲ್ಲವೇ? ಅವರು ಶಾಂತವಾಗಿ ವಿವರಿಸಿದರು. 1957ರಲ್ಲಿ ಹನ್ನೆರಡನೆಯ ಪಿಯುಸ್ ಜಗದ್ಗುರುಗಳು ವೈದ್ಯರನ್ನುದ್ದೇಶಿಸಿ ಈ ಪ್ರಶ್ನೆಗೇ ಉತ್ತರವಿತ್ತಿದ್ದರು: ಸಾಧಾರಣ ಉಪಚಾರಗಳನ್ನು ಮಾಡುವುದು ಕರ್ತವ್ಯ, ರೋಗಿಗೆ ಅತಿಭಾರವಾಗುವ ಅಸಾಧಾರಣ ಉಪಾಯಗಳನ್ನು ಹಿಡಿಯಲೇಬೇಕೆಂಬ ಕಟ್ಟಳೆಯಿಲ್ಲ. ಕೊಲ್ಲುವ ಉದ್ದೇಶವಿಲ್ಲದೆ ನೋವು ಶಮನಕ್ಕೆಂದು ಔಷಧ ಕೊಟ್ಟರೆ, ಅದರಿಂದ ಆಯುಸ್ಸು ತುಸು ಕಡಿಮೆಯಾದೀತೆಂಬ ಭಯವಿದ್ದರೂ ಅದು ಪಾಪವಲ್ಲವೆಂದು ಅದೇ ವರ್ಷ ಹೇಳಿದ್ದರು. ನೋವನ್ನು ದೇವರಿಗೆ ಒಪ್ಪಿಸಬೇಕೆಂದು ಮಾರ್ಫಿನ್ನಿಗೆ ಹೆದರುತ್ತಿದ್ದ ತಾಯಿಯವರು ಬಾಟಲಿ ಹಿಡಿದು ಹಿಂದೆಯೇ ನಿಂತು ಕೇಳುತ್ತಿದ್ದರು. ನನಗೆ ಹೊಳೆದದ್ದಿಷ್ಟು: ಆ ಕೆಲವು ವಾರಗಳು ಬೇಕಾಗಿದ್ದದ್ದು ತಂದೆಯವರಿಗಲ್ಲ, ನನಗೆ.

ತಂದೆಯವರು ಅಲ್ಲಿಯೇ ಅಭ್ಯಂಗ ಸಂಸ್ಕಾರ ಕೇಳಿದರು. ನಮ್ಮ ಅಜ್ಜಿಯ ಕಾಲದಲ್ಲಿ ಅದಕ್ಕೆ ಅಂತ್ಯಾಭ್ಯಂಗವೆಂದು ಹೆಸರು. ತೈಲದ ಬುರುಡೆಯೊಡನೆ ಪಾದ್ರಿಗಳು ಅಂಗಳಕ್ಕೆ ಬಂದರೆ ಮನೆಯಲ್ಲಿ ಅಳು ಪ್ರಾರಂಭವಾಗುತ್ತಿತ್ತು. ವ್ಯಾಟಿಕನ್ ಮಹಾಸಭೆಯ ತರುವಾಯ, 1972ರ ಹೊಸ ವಿಧಿಯಲ್ಲಿ, ಅದು ಕಡುರೋಗಿಗಳಿಗೆ ಬಲ ಕೊಡುವ ಸಂಸ್ಕಾರವೆಂಬುದು ಸ್ಪಷ್ಟವಾಯಿತು. ಹಣೆಗೂ ಅಂಗೈಗಳಿಗೂ ತೈಲ ಸವರಿದರು. ಅಷ್ಟೇ. ಹೊರಗೆ ಮಳೆ ನಿಂತಿರಲೂ ಇಲ್ಲ. ತಂದೆಯವರು ಮಾತ್ರ ಮರಳುವ ದಾರಿಯಲ್ಲಿ ಮೂಡುಬಿದಿರೆಯವರೆಗೆ ನಿದ್ದೆ ಮಾಡಿದರು.

ಕಿಮೋಥೆರಪಿ ಮಾಡಿಸಲಿಲ್ಲ. ಸಂಜೆಗಳಲ್ಲಿ ಮಂಚದ ಸುತ್ತ ಕುಳಿತು ಜಪಸರ ಹೇಳಿದೆವು. ಒಂದು ಸುತ್ತಿಗೆ 53 ಸಲ 'ನಮೋ ಮರಿಯಾ'. ಪ್ರತಿ ಸಲವೂ ಎರಡು ಹೊತ್ತಿಗಾಗಿ ಬೇಡಿಕೆ: ಈಗಿನ ಹೊತ್ತು, ಸಾಯುವ ಹೊತ್ತು. ಬಾಲ್ಯದಿಂದ ಬಾಯಿಪಾಠವಾಗಿದ್ದ ಆ ಎರಡು ಹೊತ್ತುಗಳ ನಡುವಿನ ಅಂತರ ಆ ಕೋಣೆಯಲ್ಲಿ ದಿನದಿನಕ್ಕೂ ಕಡಿಮೆಯಾಗುತ್ತಿತ್ತು.

ಅಕ್ಟೋಬರಿನ ಕೊನೆಗೆ ಪಾದ್ರಿಗಳು ಮನೆಗೆ ಬಂದು ಕಡೆಯ ಪರಮಪ್ರಸಾದ ಕೊಟ್ಟರು. ಲ್ಯಾಟಿನ್ನಿನಲ್ಲಿ ಅದಕ್ಕೆ 'ವಿಯಾಟಿಕುಮ್' ಎನ್ನುತ್ತಾರೆ, ಪಯಣಕ್ಕೆ ಬೇಕಾದ ಸಾಮಗ್ರಿಯೆಂದು ಅರ್ಥ. ತಂದೆಯವರಿಗೆ ಅದನ್ನು ಕನ್ನಡದಲ್ಲಿ ಹೇಳಬೇಕೆನಿಸಿ, "ಪಪ್ಪಾ, ಇದು ದಾರಿಬುತ್ತಿ" ಎಂದೆ. ಅನ್ನ ಇಳಿಯದೆ ಅದಾಗಲೇ ವಾರ ಕಳೆದಿತ್ತು. ಚಮಚೆ ನೀರಿನೊಡನೆ ಒಂದು ಚೂರು ಹೋಯಿತು. "ಸಣ್ಣ ಬುತ್ತಿ," ಅಂದರು, "ಹಾಗಾದರೆ ಊರು ಹತ್ತಿರವಿರಬೇಕು." ಮೂರನೆಯ ದಿನ ಬೆಳಗಿನ ಜಾವ ತೀರಿಕೊಂಡರು.

ಜನವರಿಯಲ್ಲಿ ತಾಯಿಯವರು ನೂರು ಮೇಣದ ಬತ್ತಿಗಳನ್ನು ಕಟ್ಟಿಕೊಂಡು ಜಾತ್ರೆಗೆ ಹೊರಟು ನಿಂತರು. ಹರಕೆ ಈಡೇರಲಿಲ್ಲವಲ್ಲ ಎಂದು ನನ್ನ ಬಾಯಿಂದ ಬಂದುಬಿಟ್ಟಿತು.

"ಮಾತು ಕೊಟ್ಟವಳು ನಾನು, ಸಂತನಲ್ಲ," ಅಂದು, ಕಟ್ಟನ್ನು ನನ್ನ ಕೈಗಿತ್ತು ಚಪ್ಪಲಿ ಮೆಟ್ಟಿದರು.