ಶಿರೂರಿನ ಚಹಾದಂಗಡಿ

ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ಗಂಗಾವಳಿ ನದಿ. ನಡುವೆ ರಸ್ತೆ ಬದಿಯಲ್ಲೇ ಒಂದು ಚಹಾದಂಗಡಿ ಇತ್ತು. ದೂರದೂರಿನ ಲಾರಿಗಳೆಲ್ಲ ಅಲ್ಲಿ ನಿಲ್ಲುತ್ತಿದ್ದವು. 2024ರ ಜುಲೈ 16ರ ಬೆಳಿಗ್ಗೆ ಗುಡ್ಡ ಜಾರಿತು. ಅಂಗಡಿ ನಡೆಸುತ್ತಿದ್ದ ಕುಟುಂಬ, ನಿಂತಿದ್ದ ಚಾಲಕರು ಎಲ್ಲರೂ ಮಣ್ಣಿನ ಪಾಲಾದರು. ಸತ್ತವರು, ಕಾಣೆಯಾದವರು ಸೇರಿ 11 ಮಂದಿ. ಕೇರಳದ ಒಬ್ಬ ಚಾಲಕನ ಲಾರಿ ನದಿಯಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ. ಅಷ್ಟು ದಿನವೂ ಅವರ ಮನೆಯವರು ಕಾದರು.

ಆಗ ಕಾರವಾರದಲ್ಲಿ ಎಲ್ಲಿ ಹೋದರೂ ಒಂದೇ ಮಾತು: "ಚಹಾಕ್ಕೆ ನಿಲ್ಲದೆ ಹೋಗಿದ್ದರೆ ಬದುಕುತ್ತಿದ್ದರು." ನನ್ನ ಮಾಮೂಗೆ ಮಾತ್ರ ಈ ಮಾತು ಆಗುತ್ತಿರಲಿಲ್ಲ. ಅವರು ಹುಬ್ಬಳ್ಳಿಯಿಂದ ತರಕಾರಿ ತಂದು ಅಂಕೋಲಾ, ಕುಮಟಾದ ಅಂಗಡಿಗಳಿಗೆ ಹಾಕುತ್ತಾರೆ. "ರಾತ್ರಿಯೆಲ್ಲ ಗಾಡಿ ಓಡಿಸಿದವನಿಗೆ ನಿದ್ದೆ ಬರಬಾರದು ಅಂತಲೇ ಚಹಾ ಕುಡಿಯೋದು. ನಿಂತವರು ತಪ್ಪು ಮಾಡಿದ್ರಾ? ನಾನೂ ಅಲ್ಲಿ ಎಷ್ಟು ಸಲ ನಿಂತಿದ್ದೇನೆ" ಎಂದರು.

ಅವರು ಹೇಳಿದ್ದು ಸರಿ ಎಂದೇ ನನಗೂ ಅನಿಸುತ್ತದೆ. ಭಾರೀ ಮಳೆ, ಅದರ ಜೊತೆಗೆ ರಸ್ತೆಗಾಗಿ ಗುಡ್ಡದ ಬುಡ ಕಡಿದದ್ದು, ಇವೇ ಕಾರಣ ಎಂದು ಭೂವಿಜ್ಞಾನಿಗಳು ಹೇಳಿದರು. ಗುಡ್ಡವನ್ನು ಎಷ್ಟು ನೇರಕ್ಕೆ ಕಡಿಯಬೇಕು, ಮೇಲಿನ ನೀರು ಎಲ್ಲಿಂದ ಇಳಿಯಬೇಕು ಎಂಬುದೂ ಯಾರೋ ಒಂದು ಸಾಮಾನ್ಯ ದಿನ ಮೇಜಿನ ಮುಂದೆ ಕುಳಿತು ಮಾಡಿದ ತೀರ್ಮಾನವೇ. ಬಹುಶಃ ಚಹಾ ಕುಡಿಯುತ್ತಲೇ! ಚಾಲಕನ ತೀರ್ಮಾನದ ಬಗ್ಗೆ ಮಾತಾಡುವ ನಾವು ಆ ತೀರ್ಮಾನವನ್ನು ಸುಲಭವಾಗಿ ಮರೆಯುತ್ತೇವೆ.

ನದಿಯಾಚೆ ಉಳುವರೆ ಎಂಬ ಊರಿದೆ. ಗುಡ್ಡದ ಮಣ್ಣು ಹೊಳೆಗೆ ಬಿದ್ದ ರಭಸಕ್ಕೆ ನೀರು ಎದ್ದು ಅಲ್ಲಿನ ಮನೆಗಳಿಗೆ ಬಡಿಯಿತು. ಅಲ್ಲೂ ಒಬ್ಬ ಮಹಿಳೆ ಸತ್ತರು. ಅವರು ಹೆದ್ದಾರಿಯಲ್ಲಿ ಇರಲಿಲ್ಲ, ಎಲ್ಲೂ ನಿಂತಿರಲಿಲ್ಲ, ತಮ್ಮ ಊರಲ್ಲೇ ಇದ್ದರು.

ಇನ್ನೊಂದನ್ನೂ ಹೇಳಬೇಕು. ಮೂರು ವಾರ ಕಳೆದು, ಆಗಸ್ಟ್ 7ರ ನಡುರಾತ್ರಿ, ನಮ್ಮ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಲಾರಿಯೊಂದು ನೀರಿಗೆ ಬಿತ್ತು. ಮೀನುಗಾರರು ಕತ್ತಲಲ್ಲೇ ದೋಣಿ ಇಳಿಸಿ ಚಾಲಕನನ್ನು ಎಳೆದುಕೊಂಡರು. ಬೆಳಗಾಗಲಿ ನೋಡೋಣ ಎಂದು ಅವರು ಮಲಗಿದ್ದರೆ ಯಾರೂ ಬೈಯುತ್ತಿರಲಿಲ್ಲ.

ಮುಂದಿನ ವರ್ಷ ಸಿಇಟಿ ಆದಮೇಲೆ ನಾನೂ ಒಂದು ವಿಷಯ ಆಯ್ದುಕೊಳ್ಳಬೇಕು. ಮನೆಯಲ್ಲಿ ಎಲ್ಲರದೂ ಕಂಪ್ಯೂಟರ್ ಸೈನ್ಸ್ ಜಪ. ಕೆಲಸ ಬೇಗ ಸಿಗುತ್ತದಂತೆ, ಮಳೆಯಲ್ಲಿ ನಿಲ್ಲುವುದೂ ಬೇಡವಂತೆ. ನಾನು ಸಿವಿಲ್ ಎಂದಾಗ ಅಮ್ಮಿ ಮುಖ ಸಣ್ಣದು ಮಾಡಿಕೊಂಡರು. ಮಾಮೂ ಒಬ್ಬರೇ ನನ್ನ ಕಡೆ. ಗುಡ್ಡ ಕಡಿಯುವ ಮೊದಲು ನೀರಿನ ದಾರಿ ಕೇಳುವವರು ಒಬ್ಬರಾದರೂ ಬೇಕಲ್ಲ ಎಂದು ಅವರೇ ಅಮ್ಮಿಯ ಹತ್ತಿರ ವಾದ ಮಾಡುತ್ತಿದ್ದಾರೆ. ಅಮ್ಮಿ ಇನ್ನೂ ಹೂಂ ಅಂದಿಲ್ಲ.