ಎರಡನೇ ಬಂದವಳು

2024ರ ಅಕ್ಟೋಬರ್ 13, ವಿಜಯದಶಮಿಯ ಮಾರನೇ ದಿನ. ನಮ್ಮನೇಲಿ ರಾತ್ರಿ ಊಟಕ್ಕೆ ಹಿಂದಿನ ದಿನದ ಒಬ್ಬಟ್ಟಿನ ಸಾರು ಬಿಸಿಯಾಗ್ತಾ ಇತ್ತು. ನಾನು ಫೋನ್ ಹಿಡ್ಕೊಂಡು ಶಿಕಾಗೋ ಮ್ಯಾರಥಾನಿನ ಟೈಮಿಂಗ್ ನೋಡ್ತಾ ಇದ್ದೆ. ಕೀನ್ಯಾದ ರೂತ್ ಚೆಪಂಗೆಟಿಚ್ ಅರ್ಧ ದಾರಿಯನ್ನ 1:04:16ರಲ್ಲಿ ದಾಟಿದಾಗ ಆ್ಯಪ್ ಏನೋ ತಪ್ಪು ತೋರಿಸ್ತಿದೆ ಅಂದ್ಕೊಂಡು ರಿಫ್ರೆಶ್ ಮಾಡಿದೆ. ತಪ್ಪಿರಲಿಲ್ಲ. ಕೊನೆಗೆ ಆಕೆ ಮುಗಿಸಿದ್ದು 2:09:56ಕ್ಕೆ. ಎರಡು ಗಂಟೆ ಹತ್ತು ನಿಮಿಷದ ಒಳಗೆ ಮ್ಯಾರಥಾನ್ ಓಡಿದ ಮೊದಲ ಹೆಂಗಸು. ಹಳೇ ವಿಶ್ವದಾಖಲೆ ಇಥಿಯೋಪಿಯಾದ ಟಿಗಿಸ್ಟ್ ಅಸೆಫಾ ಬರ್ಲಿನ್‌ನಲ್ಲಿ ಮಾಡಿದ್ದ 2:11:53. ಅಂದರೆ ಒಂದೇ ಏಟಿಗೆ ಸುಮಾರು ಎರಡು ನಿಮಿಷ ಹಾರಿಹೋಯ್ತು. ಆಕೆಯದೇ ಹಿಂದಿನ ಒಳ್ಳೇ ಟೈಮಿಗೆ ಹೋಲಿಸಿದರೆ ನಾಲ್ಕು ನಿಮಿಷಕ್ಕೂ ಜಾಸ್ತಿ.

ಓಡದೇ ಇರೋರಿಗೆ ಈ ಅಂಕಿಗಳಿಂದ ಏನೂ ಅನ್ನಿಸಲ್ಲ, ಗೊತ್ತು. ಹೀಗೆ ಹೇಳ್ತೀನಿ. ಜಿಮ್ಮಿನ ಟ್ರೆಡ್‌ಮಿಲ್‌ನಲ್ಲಿ ಸ್ಪೀಡನ್ನ 19.5ಕ್ಕೆ ಇಡಿ. ನಾನು ಮಾರನೇ ದಿನ ಇಟ್ಟು ನೋಡಿದೆ. ಮೂವತ್ತೈದು ಸೆಕೆಂಡಿಗೆ ಕೆಂಪು ಬಟನ್ ಒತ್ತಿ ಪಕ್ಕಕ್ಕೆ ಹಾರಿದೆ. ಆಕೆ ಅದೇ ವೇಗದಲ್ಲಿ ಎರಡು ಗಂಟೆ ಚಿಲ್ಲರೆ ಓಡಿದ್ದಾಳೆ.

ನಾವು ಹದಿನೈದು ಜನ ಭಾನುವಾರ ಬೆಳಗ್ಗೆ ಕಬ್ಬನ್ ಪಾರ್ಕಿನಲ್ಲಿ ಓಡ್ತೀವಿ. ಓಡೋದಕ್ಕಿಂತ ಆಮೇಲೆ ಇಡ್ಲಿ ವಡೆ ತಿನ್ನೋದೇ ಹೆಚ್ಚು. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಆವತ್ತು ರಾತ್ರಿ ಹತ್ತು ನಿಮಿಷದಲ್ಲಿ ತೀರ್ಪು ಬಂತು. "ಗ್ಯಾರಂಟಿ ಏನೋ ತಗೊಂಡಿದ್ದಾಳೆ." ಇನ್ನೊಬ್ಬ ಬರೆದ, "ಎಲ್ಲರೂ ತಗೊಳ್ತಾರೆ ಗುರು, ಸಿಕ್ಕಿಬೀಳೋರು ಮಾತ್ರ ಕಳ್ಳರು." ಅದಕ್ಕೆ ಏಳು ಥಂಬ್ಸ್ ಅಪ್.

ಅತ್ತ ಶಿಕಾಗೋದಲ್ಲಿ ಪತ್ರಿಕಾಗೋಷ್ಠಿಯಲ್ಲೇ ಒಬ್ಬ ಪತ್ರಕರ್ತ ಆಕೆಯನ್ನ ನೇರವಾಗಿ ಕೇಳಿದ್ದ: ಇದು ನಂಬೋಕೆ ಕಷ್ಟ ಅಂತ ಅನುಮಾನ ಪಡೋರಿಗೆ ಏನು ಹೇಳ್ತೀರಿ? ಆಕೆ ಗೊತ್ತಿಲ್ಲ, ಜನ ಮಾತಾಡ್ತಾರೆ ಅನ್ನೋ ಅರ್ಥದಲ್ಲಿ ಎರಡು ಮಾತು ಹೇಳಿ ಸುಮ್ಮನಾದಳು. ಕೀನ್ಯಾದಲ್ಲಿ ದೊಡ್ಡ ಗಲಾಟೆಯಾಯ್ತು. ನಮ್ಮ ಹುಡುಗಿ ಗೆದ್ದ ದಿನವೇ ಹೀಗೆ ಕೇಳೋದಾ ಅಂತ. ನನಗೆ ಆ ಸಿಟ್ಟು ಅರ್ಥವಾಗುತ್ತೆ. ಆದರೂ ಆ ಪ್ರಶ್ನೆ ಸರಿ ಅಂತಲೇ ನನ್ನ ಅಭಿಪ್ರಾಯ, ಆಕೆ ಅಪ್ಪಟ ಚಿನ್ನವಾಗಿದ್ದರೂ ಸರಿ. ಎದುರಿಗೆ ಕೂತು, ತನ್ನ ಹೆಸರು ಹೇಳಿ, ಉತ್ತರ ಕೊಡೋಕೆ ಅವಕಾಶ ಕೊಟ್ಟು ಕೇಳೋದು ಬೇರೆ. ನಮ್ಮ ಗ್ರೂಪಿನ "ಎಲ್ಲರೂ ತಗೊಳ್ತಾರೆ" ಅನ್ನೋದು ಪ್ರಶ್ನೆಯೇ ಅಲ್ಲ.

ತೊಂದರೆ ಏನಂದ್ರೆ ಸ್ಟಾಪ್‌ವಾಚ್ ನೋಡಿ ಯಾರೂ ಕಳ್ಳರನ್ನ ಹಿಡಿಯೋಕಾಗಲ್ಲ. 2017ರಿಂದ ಈಚೆಗೆ ಕಾರ್ಬನ್ ಪ್ಲೇಟ್ ಶೂ ಬಂದು ಎಲ್ಲರ ಟೈಮಿಂಗೂ ಇಳಿದಿದೆ. ಶಿಕಾಗೋದಲ್ಲಿ ಹೆಂಗಸರ ಜೊತೆ ಗಂಡಸರು ಪೇಸ್ ಕೊಟ್ಟು ಓಡಬಹುದು, ಗಾಳಿ ತಡೆಯಬಹುದು. ಇದೆಲ್ಲ ಕಳೆದು ಎಷ್ಟು ಉಳಿಯುತ್ತೆ ಅಂತ ಯಾರು ಲೆಕ್ಕ ಹಾಕ್ತಾರೆ? 1993ರಲ್ಲಿ ಚೀನಾದ ವಾಂಗ್ ಜುನ್‌ಷಿಯಾ 10,000 ಮೀಟರನ್ನ 29:31.78ರಲ್ಲಿ ಓಡಿದಾಗ ಜಗತ್ತೆಲ್ಲ ಅನುಮಾನಪಟ್ಟಿತ್ತು. ಆ ದಾಖಲೆ 2016ರವರೆಗೂ ನಿಂತಿತ್ತು. ರಿಯೋದಲ್ಲಿ ಅಲ್ಮಾಜ್ ಅಯಾನಾ ಅದನ್ನ ಹದಿನಾಲ್ಕು ಸೆಕೆಂಡಿನಿಂದ ಮುರಿದಾಗ ಆಕೆಗೂ ಅದೇ ಪ್ರಶ್ನೆ ಎದುರಾಯ್ತು. ಅನುಮಾನದ ದಾಖಲೆ ಮುರಿದವರಿಗೆ ಅನುಮಾನವೂ ಫ್ರೀ.

2025ರ ಜುಲೈನಲ್ಲಿ ಸುದ್ದಿ ಬಂತು. ಮಾರ್ಚ್ 14ರಂದು ತೆಗೆದ ಚೆಪಂಗೆಟಿಚ್ ಮೂತ್ರದ ಸ್ಯಾಂಪಲ್‌ನಲ್ಲಿ ಹೈಡ್ರೋಕ್ಲೋರೋಥಯಜೈಡ್. ಹೆಸರು ಎಲ್ಲೋ ಓದಿದ ಹಾಗಿದೆಯಲ್ಲ ಅಂತ ತಲೆ ಕೆರ್ಕೊಂಡೆ. ನಮ್ಮಪ್ಪನ ಬಿಪಿ ಮಾತ್ರೆಯ ಸ್ಟ್ರಿಪ್ ತಿರುಗಿಸಿ ನೋಡಿದರೆ, ಟೆಲ್ಮಿಸಾರ್ಟನ್ ಪಕ್ಕದಲ್ಲೇ ಅದೂ ಇದೆ! ಮೂತ್ರ ಜಾಸ್ತಿ ಮಾಡಿಸೋ ಮಾತ್ರೆ ಅಷ್ಟೇ, ಓಟದ ಶಕ್ತಿ ಕೊಡಲ್ಲ. ಆದರೆ ಮೂತ್ರ ತೆಳುವಾದರೆ ಅದರಲ್ಲಿರೋ ಬೇರೆ ಔಷಧದ ಗುರುತು ಹಿಡಿಯೋದು ಕಷ್ಟ. ಅದಕ್ಕೇ ನಿಷೇಧದ ಪಟ್ಟಿಯಲ್ಲಿದೆ. ಒಂದು ಮಿಲಿಲೀಟರಿಗೆ 20 ನ್ಯಾನೋಗ್ರಾಂ ದಾಟಿದರೆ ವರದಿ ಮಾಡಬೇಕು. ಆಕೆಯದರಲ್ಲಿ ಇದ್ದದ್ದು ಅಂದಾಜು 3,800. ಮೊದಲು ಹೇಗೆ ಬಂತೋ ಗೊತ್ತಿಲ್ಲ ಅಂದಳು, ಆಮೇಲೆ ಹುಷಾರಿಲ್ಲದಾಗ ಮನೆಕೆಲಸದವಳ ಮಾತ್ರೆ ನುಂಗಿದೆ ಅಂದಳು. ಅಕ್ಟೋಬರ್‌ನಲ್ಲಿ ತಪ್ಪೊಪ್ಪಿಕೊಂಡಳು, ಮೂರು ವರ್ಷ ನಿಷೇಧ.

ನಮ್ಮ ಗ್ರೂಪಿನಲ್ಲಿ ಆವತ್ತು ಹಬ್ಬ. "ಹೇಳಿರಲಿಲ್ವಾ?" ಸ್ವಲ್ಪ ತಡೀರಿ ಅಂತ ನಾನು ಬರೆದೆ. ರದ್ದಾಗಿರೋದು ಮಾರ್ಚ್ 14ರಿಂದ ಈಚೆಗಿನ ಫಲಿತಾಂಶಗಳು. ಶಿಕಾಗೋದ 2:09:56 ದಾಖಲೆ ಪುಸ್ತಕದಲ್ಲಿ ಹಾಗೇ ಉಳಿದಿದೆ. ಫೋನಿನಲ್ಲಿ ಸಿಕ್ಕ ಅನುಮಾನಾಸ್ಪದ ವಿಷಯಗಳನ್ನ ಇನ್ನೂ ತನಿಖೆ ಮಾಡ್ತೀವಿ ಅಂತ ಅಥ್ಲೆಟಿಕ್ಸ್ ಇಂಟೆಗ್ರಿಟಿ ಯೂನಿಟ್ ಹೇಳಿತು, ಅದು ನಿಜ. ಆದರೆ ಆವತ್ತು ರಾತ್ರಿ ಹತ್ತು ನಿಮಿಷದಲ್ಲಿ ಕೊಟ್ಟ ತೀರ್ಪಿಗೆ ಇದು ಸಾಕ್ಷಿಯಾಗಲ್ಲ. ಯಾರೂ ಉತ್ತರ ಕೊಡಲಿಲ್ಲ. ಒಬ್ಬ ಗುಡ್ ಮಾರ್ನಿಂಗ್ ಹಾಕಿದ.

ಇಷ್ಟೆಲ್ಲ ಮಾತಿನ ಮಧ್ಯೆ ನನಗೆ ಪದೇಪದೇ ನೆನಪಾಗೋದು ಬುಜುನೇಶ್ ದೇಬಾ. ನಿಮ್ಮಲ್ಲಿ ಬಹಳ ಜನ ಹೆಸರೂ ಕೇಳಿರಲ್ಲ. ಇಥಿಯೋಪಿಯಾದವಳು, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ವಾಸ. 2014ರ ಬಾಸ್ಟನ್ ಮ್ಯಾರಥಾನ್, ಅಂದರೆ ಬಾಂಬ್ ಸ್ಫೋಟದ ಮರುವರ್ಷ, ಆಕೆ 2:19:59ರಲ್ಲಿ ಓಡಿ ಎರಡನೇ ಬಂದಳು. ಗೆದ್ದದ್ದು ಕೀನ್ಯಾದ ರೀಟಾ ಜೆಪ್ಟೂ, 62 ಸೆಕೆಂಡು ಮುಂದೆ. ಅದೇ ವರ್ಷದ ಕೊನೆಗೆ ಗೊತ್ತಾಯ್ತು, ಜೆಪ್ಟೂ ಸ್ಯಾಂಪಲ್‌ನಲ್ಲಿ ಇಪಿಓ. ಡಯಾಲಿಸಿಸ್ ಮಾಡಿಸ್ಕೊಳ್ಳೋರಿಗೆ ರಕ್ತ ಹೆಚ್ಚಲಿ ಅಂತ ಕೊಡ್ತಾರಲ್ಲ ಇಂಜೆಕ್ಷನ್, ಅದು. ಬಾಸ್ಟನ್ ಫಲಿತಾಂಶ ರದ್ದಾಗಿ ದೇಬಾ ಅಧಿಕೃತವಾಗಿ ಗೆದ್ದವಳಾದದ್ದು 2016ರ ಕೊನೆಗೆ. ಆ ದಾರಿಯ ದಾಖಲೆಯೂ ಆಕೆಯ ಹೆಸರಿಗೇ ಬಂತು. ದುಡ್ಡು ಮಾತ್ರ ಬರಲಿಲ್ಲ. ಬಹುಮಾನ, ದಾಖಲೆಯ ಬೋನಸ್ ಸೇರಿ ಒಂದು ಲಕ್ಷ ಡಾಲರ್. ಜೆಪ್ಟೂ ವಾಪಸ್ ಕೊಡಲಿಲ್ಲ ಅಂತ ಆಯೋಜಕರು ಇವಳಿಗೂ ಕೊಡಲಿಲ್ಲ. 2024ರಲ್ಲಿ ಪತ್ರಿಕೆಯಲ್ಲಿ ಈ ಕತೆ ಓದಿದ ಒಬ್ಬ ಅಪರಿಚಿತ ತನ್ನ ಜೇಬಿನಿಂದ 75,000 ಡಾಲರ್ ಕಳಿಸಿದ. ಸಂಬಂಧವೇ ಇಲ್ಲದ ಮನುಷ್ಯ, ಪುಣ್ಯಾತ್ಮ.

ಅದಾದ ಮೇಲೂ, ಫಿನಿಶ್ ಲೈನಿನಲ್ಲಿ ಟೇಪ್ ಎದೆಗೆ ತಾಗೋ ಆ ಕ್ಷಣವನ್ನ ಯಾವ ಸಂಸ್ಥೆಯೂ ಕೊರಿಯರ್ ಮಾಡೋಕಾಗಲ್ಲ. "ಎಲ್ಲರೂ ತಗೊಳ್ತಾರೆ" ಅನ್ನೋ ನಮ್ಮ ಗ್ರೂಪಿನ ಗೆಳೆಯನ ಲೆಕ್ಕದಲ್ಲಿ ದೇಬಾ ಅನ್ನೋ ಮನುಷ್ಯಳೇ ಇಲ್ಲ. ಎಲ್ಲರೂ ಕಳ್ಳರಾದರೆ ಕಳ್ಕೊಂಡವರು ಯಾರು?

ಈ ಮಾತು ಬರೀ ತತ್ವ ಆಗಿದ್ದರೆ ಬರೀತಿರಲಿಲ್ಲ. ನಮ್ಮಕ್ಕನ ಮಗಳು ಕ್ರೀಡಾ ಹಾಸ್ಟೆಲ್ಲಿನಲ್ಲಿದ್ದಾಳೆ, 3,000 ಮೀಟರ್ ಓಡ್ತಾಳೆ. ಹೋದ ತಿಂಗಳು ಅಕ್ಕನ ಫೋನು. "ಕೋಚು ಯಾವುದೋ ಪೌಡರ್ ತರಿಸಿದ್ದಾರೆ ಕಣೇ. ಹಾಲಿಗೆ ಹಾಕಿ ಕುಡಿಯೋದಂತೆ. ಕೊಡಲಾ?" ಡಬ್ಬಿಯ ಫೋಟೋ ಕಳಿಸು ಅಂದೆ. ನೂರಕ್ಕೆ ನೂರು ನೈಸರ್ಗಿಕ ಅಂತ ದೊಡ್ಡದಾಗಿ ಬರೆದಿದೆ. ಒಳಗೆ ಏನಿದೆ, ಯಾರು ಮಾಡಿದ್ದು, ಬ್ಯಾಚ್ ನಂಬರ್ ಏನು, ಒಂದೂ ಇಲ್ಲ. ಬೇಡವೇ ಬೇಡ ಅಂದೆ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು, "ಎಲ್ಲರೂ ತಗೊಳ್ತಾರಂತೆ ಕಣೇ. ಇವಳೊಬ್ಬಳು ಬಿಟ್ಟರೆ ಹಿಂದೆ ಬೀಳಲ್ವಾ?"

ಅದೇ ವಾಕ್ಯ. ಇಡ್ಲಿ ವಡೆ ತಿನ್ನುತ್ತಾ ನಾವು ಜಾಣತನ ಅಂತ ಆಡೋ ಮಾತೇ ಹಾಸ್ಟೆಲ್ಲಿನಲ್ಲಿ ಡಬ್ಬಿ ಮಾರೋನ ಬಂಡವಾಳ.

ನಮ್ಮ ದೇಶದ ಸ್ಥಿತಿ ಗೊತ್ತಲ್ಲ. ವಾಡಾ ಲೆಕ್ಕದ ಪ್ರಕಾರ 2024ರಲ್ಲಿ ಭಾರತದಲ್ಲಿ 7,113 ಸ್ಯಾಂಪಲ್ ಪರೀಕ್ಷೆ ಮಾಡಿದರೆ 260ರಲ್ಲಿ ನಿಷೇಧಿತ ಪದಾರ್ಥ ಸಿಕ್ಕಿದೆ. 2023ರಲ್ಲಿ ದೆಹಲಿ ರಾಜ್ಯ ಕೂಟಕ್ಕೆ ನಾಡಾದವರು ಬಂದಿದ್ದಾರೆ ಅನ್ನೋ ಸುದ್ದಿ ಹಬ್ಬಿ, 100 ಮೀಟರ್ ಫೈನಲ್‌ನಲ್ಲಿ ಒಬ್ಬನೇ ಓಡಿದ. ಸ್ಟೀಪಲ್‌ಚೇಸ್ ಓಡಿದ ಒಬ್ಬ ಹುಡುಗಿ ಫಿನಿಶ್ ಲೈನ್ ದಾಟಿದ ಮೇಲೂ ನಿಲ್ಲದೆ ಓಡ್ತಾನೇ ಹೋದಳು, ಟೆಸ್ಟ್ ಮಾಡೋರು ಹಿಂದೆ ಓಡಿದರು ಅಂತ ವರದಿಯಾಗಿತ್ತು. ಆಗ ಎಲ್ಲರೂ ನಕ್ಕಿದ್ವಿ. ಈಗ ನನಗೆ ಆ ಹುಡುಗಿಯ ಮುಖದ ಜಾಗದಲ್ಲಿ ನಮ್ಮ ಹುಡುಗಿ ಕಾಣ್ತಾಳೆ. ಅವಳಿಗೆ ಯಾರು ಯಾವ ಹಾಲಿಗೆ ಏನು ಹಾಕಿ ಕೊಟ್ಟಿದ್ದರೋ.

ಅಕ್ಕನಿಗೆ ದೇಬಾಳ ಕತೆ ಪೂರ್ತಿ ಹೇಳಿದೆ. ಕೇಳಿಸ್ಕೊಂಡು, "ಹತ್ತು ವರ್ಷ ಆದ್ಮೇಲೆ ದುಡ್ಡು ಬಂತಾ, ಪಾಪ" ಅಂದಳು. ಆಮೇಲೆ, "ಇವಳಿಗೆ ಸ್ಟೇಟ್ ಮೀಟ್ ಡಿಸೆಂಬರ್‌ಗೇ ಇದೆಯಲ್ಲೇ."

ಮೊನ್ನೆ ಊರಿಗೆ ಹೋಗಿದ್ದೆ. ಡಬ್ಬಿ ಅಕ್ಕನ ಮನೆಯ ಫ್ರಿಜ್ ಮೇಲಿದೆ. ಸೀಲ್ ಇನ್ನೂ ಒಡೆದಿಲ್ಲ. 2,800 ರೂಪಾಯಿ ಕೊಟ್ಟಿದ್ದು, ಬಿಸಾಕೋಕೆ ಅವಳಿಗೆ ಮನಸ್ಸಿಲ್ಲ.