ಐವತ್ತೊಂದು ಪರ್ಸೆಂಟ್

ಆರನೇ ಸೆಮ್‌ನ ಮಿನಿ ಪ್ರಾಜೆಕ್ಟ್ ನಾವು ಮಾಡಿದ್ದಲ್ಲ, ಕೊಂಡಿದ್ದು. ರಿಸಲ್ಟ್ ಬಂದಾಗಿದೆ, ಅದಕ್ಕೇ ಈಗ ಧೈರ್ಯವಾಗಿ ಹೇಳ್ತಿದ್ದೀವಿ. ನಾಲ್ಕು ಜನ ಸೇರಿ 6,000 ರೂಪಾಯಿ ಕೊಟ್ಟು, ಒಂದು ಅಂಗಡಿಯಿಂದ ಸೋಲಾರ್ ಹುಲ್ಲು ಕತ್ತರಿಸುವ ಯಂತ್ರ ತಂದ್ವಿ. ರಿಪೋರ್ಟ್ ಕೂಡ ಅವರದ್ದೇ, ಮುಖಪುಟದ ಹೆಸರುಗಳು ಮಾತ್ರ ನಮ್ಮದು. ವೈವಾದಲ್ಲಿ ಮೇಷ್ಟ್ರು ಕೇಳಿದ್ದು ಒಂದೇ ಪ್ರಶ್ನೆ: "ಇದೇ ಮೋಟರ್ ಯಾಕೆ ಹಾಕಿದ್ರಿ?" ನಾಲ್ಕೂ ಜನ ಮೋಟರ್ ಮುಖ ನೋಡಿದ್ವಿ. ಮಾರ್ಕ್ಸ್ ಮಾತ್ರ ಚೆನ್ನಾಗೇ ಬಂತು.

ಏಳನೇ ಸೆಮ್‌ನಲ್ಲಿ ಟೆಕ್ನಿಕಲ್ ಸೆಮಿನಾರ್‌ಗೆ ಆರಿಸಿಕೊಂಡಿದ್ದು ಮನೆಯಲ್ಲೇ ಕಟ್ಟುವ ವಿಮಾನ. ಫೋಟೋಗಳು ಚೆನ್ನಾಗಿವೆ, ಕ್ಲಾಸಿನವರು ನಿದ್ದೆ ಮಾಡಲ್ಲ ಅನ್ನೋದಷ್ಟೇ ನಮ್ಮ ಲೆಕ್ಕ. ಅಮೆರಿಕದ ಒರೆಗಾನ್‌ನಲ್ಲಿ ರಿಚರ್ಡ್ ವ್ಯಾನ್‌ಗ್ರನ್ಸ್‌ವೆನ್ ಎಂಬ ಎಂಜಿನಿಯರ್ 1973ರಲ್ಲಿ ಶುರು ಮಾಡಿದ ವ್ಯಾನ್ಸ್ ಏರ್‌ಕ್ರಾಫ್ಟ್ ಕಂಪನಿ ಇದೆ. ಅವರ ಆರ್‌ವಿ-7 ಅನ್ನೋದು ಪಕ್ಕಪಕ್ಕ ಎರಡು ಸೀಟಿನ ಅಲ್ಯೂಮಿನಿಯಂ ವಿಮಾನ. ಪ್ರಯಾಣಿಕ, ಇಂಧನ ಎಲ್ಲ ಸೇರಿ 816 ಕೆ.ಜಿ. ಮೀರುವಂತಿಲ್ಲ, ವೇಗ ಗಂಟೆಗೆ 300 ಕಿ.ಮೀ. ದಾಟುತ್ತೆ. ಇದು ಪೆಟ್ಟಿಗೆಗಳಲ್ಲಿ ಮನೆಗೆ ಬರುತ್ತೆ: ಮೊದಲು ಬಾಲ, ಆಮೇಲೆ ರೆಕ್ಕೆ, ಆಮೇಲೆ ಒಡಲು. ಗ್ಯಾರೇಜ್‌ನಲ್ಲಿ, ಕೆಲಸ ಮುಗಿಸಿ ಬಂದ ಮೇಲೆ, ವರ್ಷಗಟ್ಟಲೆ ಕೂತು ಜೋಡಿಸ್ತಾರೆ. ಈ ಕಂಪನಿಯ ಹೀಗೆ ಕಟ್ಟಿದ ವಿಮಾನಗಳೇ 10,000ಕ್ಕೂ ಹೆಚ್ಚು ಹಾರಿವೆ.

ನಮ್ಮನ್ನು ಹಿಡಿದು ನಿಲ್ಲಿಸಿದ್ದು ಅಲ್ಲಿನ ಒಂದು ಕಾನೂನು. ಜನ ಅದನ್ನು 51 ಪರ್ಸೆಂಟ್ ರೂಲ್ ಅಂತಾರೆ. ವಿಮಾನದ ಹೆಚ್ಚಿನ ಭಾಗವನ್ನು ಹವ್ಯಾಸಿಗಳೇ ಮಾಡಿ ಜೋಡಿಸಿರಬೇಕು, ಅದೂ ಕಲಿಕೆಗೆ ಅಥವಾ ಖುಷಿಗೆ ಮಾತ್ರ. ಎಂಜಿನ್, ಪ್ರೊಪೆಲ್ಲರ್, ಮೀಟರುಗಳನ್ನು ಕೊಳ್ಳಬಹುದು. ಕಿಟ್‌ನ ತಗಡಿಗೆ ತೂತುಗಳೂ ಮೊದಲೇ ಹೊಡೆದಿರುತ್ತವೆ. ಆದರೆ ಕಟ್ಟಿದ್ದು ನಾನೇ ಅನ್ನೋಕೆ ಫೋಟೋ, ಡೈರಿ ಇಟ್ಟು ಇನ್‌ಸ್ಪೆಕ್ಟರ್‌ಗೆ ತೋರಿಸಬೇಕು. ಸ್ಲೈಡ್ ಮಾಡ್ತಾ ಮಾಡ್ತಾ ನಮ್ಮಲ್ಲೊಬ್ಬ ಕೇಳಿದ, "ನಮ್ಮ ಹುಲ್ಲಿನ ಯಂತ್ರದಲ್ಲಿ ನಮ್ದು ಎಷ್ಟು ಪರ್ಸೆಂಟ್?" ಲೆಕ್ಕ ಹಾಕಿದ್ವಿ. ಸ್ಟಿಕ್ಕರ್ ಅಂಟಿಸಿದ್ದು ನಾವೇ.

ಇನ್ನೊಂದು ನಿಯಮ ಇನ್ನೂ ಚುಚ್ಚಿತು. ಕಟ್ಟಿದವನಿಗೆ, ಆ ಒಂದು ವಿಮಾನಕ್ಕೆ ಮಾತ್ರ, ವಾರ್ಷಿಕ ತಪಾಸಣೆ ತಾನೇ ಮಾಡಿ ಸಹಿ ಹಾಕುವ ಸರ್ಟಿಫಿಕೇಟ್ ಸಿಗುತ್ತೆ. ನಾಳೆ ಅದನ್ನು ಮಾರಿದರೆ, ಕೊಂಡವನು ಹಾರಿಸಬಹುದು, ಆದರೆ ಆ ಸರ್ಟಿಫಿಕೇಟ್ ಅವನಿಗೆ ಬರಲ್ಲ. ಯಾವ ರಿವೆಟ್ ಸೊಟ್ಟಗಾಗಿತ್ತು, ಯಾವುದನ್ನು ಕಿತ್ತು ಮತ್ತೆ ಹೊಡೆದ ಅನ್ನೋದು ಕಟ್ಟಿದವನಿಗೇ ಗೊತ್ತು. ನಾವು ಕೊಂಡವರು. ಮೋಟರ್ ಪ್ರಶ್ನೆಗೆ ಉತ್ತರ ಎಲ್ಲಿಂದ ಬರಬೇಕು?

ಅದಕ್ಕೇ ಫೈನಲ್ ಪ್ರಾಜೆಕ್ಟ್‌ಗೆ ಅಂಗಡಿಗೆ ಹೋಗಲಿಲ್ಲ. ವಿಮಾನ ಕಟ್ಟೋಕೆ ದುಡ್ಡೂ ಇಲ್ಲ, ಜಾಗವೂ ಇಲ್ಲ. ರೆಕ್ಕೆಯೊಳಗಿನ ತೊಲೆಯ ಥರ ಒಂದು ಮೀಟರ್ ಉದ್ದದ ಅಲ್ಯೂಮಿನಿಯಂ ಬಾಕ್ಸ್ ಬೀಮ್ ಮಾಡೋಣ, ರಿವೆಟ್ ಹೊಡೆದು, ಭಾರ ಹಾಕಿ, ಲೆಕ್ಕಕ್ಕೆ ಹೋಲಿಸೋಣ ಅಂತ ಹೊರಟ್ವಿ. ಗೈಡ್ "ಇಷ್ಟೇನಾ?" ಅಂದ್ರು. ವರ್ಕ್‌ಶಾಪ್‌ಗೆ ಹೋದ ಮೇಲೆ ಗೊತ್ತಾಯ್ತು ಇದು ಎಷ್ಟು ಅಂತ. ರಿವೆಟ್ ಹೊಡೆಯೋದು ಇಬ್ಬರ ಕೆಲಸ: ಒಬ್ಬ ಹೊಡೀಬೇಕು, ಇನ್ನೊಬ್ಬ ಹಿಂದಿನಿಂದ ಉಕ್ಕಿನ ಗಟ್ಟಿ ಒತ್ತಿ ಹಿಡೀಬೇಕು. ಚಪ್ಪಟೆಯಾದ ತುದಿ ರಿವೆಟ್ ವ್ಯಾಸದ ಒಂದೂವರೆಯಷ್ಟು ಅಗಲ, ಅರ್ಧದಷ್ಟು ಎತ್ತರ ಬರಬೇಕು. ನಮ್ಮದು ಮೊದಲ ದಿನ ಹಲಸಿನ ಬೀಜದ ಥರ ಬಂತು. 64 ರಿವೆಟ್‌ನಲ್ಲಿ 19 ಕಿತ್ತು ಮತ್ತೆ ಹೊಡೆದ್ವಿ. ಕೀಳುವಾಗ ಡ್ರಿಲ್ ಜಾರಿ ಕೆಲವು ತೂತು ಮೊಟ್ಟೆಯಾಕಾರ ಆದವು.

ಮರಳಿನ ಚೀಲ ಹೇರಿದಾಗ ಲೆಕ್ಕದ ಪ್ರಕಾರ 4 ಮಿ.ಮೀ. ಬಾಗಬೇಕಿತ್ತು, ಬಾಗಿದ್ದು 7. ಗೈಡ್ ಕೇಳಿದ್ರು, "7 ಯಾಕೆ?" ಈ ಸಲ ಯಾರೂ ಬೀಮಿನ ಮುಖ ನೋಡಲಿಲ್ಲ. ನಾಲ್ಕೂ ಜನ ಒಟ್ಟಿಗೇ ಶುರು ಮಾಡಿದ್ವಿ: ಎರಡನೇ ಸಾಲು, ಎಡಗಡೆಯಿಂದ ಐದನೇ ರಿವೆಟ್‌ನಿಂದ ಅಗಲವಾದ ತೂತುಗಳು, ಅಲ್ಲಿ ತಗಡು ಜಾರುತ್ತೆ. ಅರ್ಧ ಗಂಟೆ ಮಾತಾಡಿದ್ವಿ. ಅವರೇ "ಸಾಕ್ರಪ್ಪಾ" ಅಂದ್ರು.

ಆ ವಿಮಾನಗಳಿಗೆ ಸಾಮಾನ್ಯವಾಗಿ ಮೊದಲ 25ರಿಂದ 40 ಗಂಟೆ ಪರೀಕ್ಷಾ ಹಾರಾಟ ಇರುತ್ತೆ. ಅಷ್ಟು ದಿನ ಪಕ್ಕದ ಸೀಟಿನಲ್ಲಿ ಪ್ರಯಾಣಿಕರನ್ನು ಕೂರಿಸುವಂತಿಲ್ಲ. ಆಮೇಲೆ ಹೆಂಡತಿಯನ್ನೋ, ಅಪ್ಪನನ್ನೋ ಕೂರಿಸ್ತಾರೆ. ನೀವು ಪ್ರಾಜೆಕ್ಟ್‌ಗೆ ದುಡ್ಡು ಕೂಡಿಸೋ ಮುಂಚೆ ಒಮ್ಮೆ ಯೋಚನೆ ಮಾಡಿ: ನಿಮ್ಮದಕ್ಕೆ ಎರಡನೇ ಸೀಟ್ ಇದ್ದಿದ್ರೆ, ಯಾರನ್ನು ಕೂರಿಸ್ತಿದ್ರಿ?

ನಮ್ಮ ಬೀಮ್ ವರ್ಕ್‌ಶಾಪ್ ಮೂಲೆಯಲ್ಲೇ ಇದೆ. ಸ್ವಲ್ಪ ರಿವೆಟ್ ಕೂಡ ಉಳಿದಿವೆ. ಜೂನಿಯರ್ಸ್ ಯಾರಾದ್ರೂ ಬಂದ್ರೆ ಗಟ್ಟಿ ಹಿಡ್ಕೊಳ್ಳೋಕೆ ನಾವಿದ್ದೀವಿ.